ಕಾರ್ಮ್ಯಾಕ್, ಆಲನ್
1924-1998. ದಕ್ಷಿಣ ಆಫ್ರಿಕ ಸಂಜಾತ ಅಮೆರಿಕನ್ ಭೌತವಿಜ್ಞಾನಿ; ಎಕ್ಸ್-ಕಿರಣ ಸಿ.ಟಿ. ಸ್ಕ್ಯಾನಿಗೆ ಗಣಿತದ ತಳಹದಿ ಹಾಕಿದವ. ಜನನ ಜೊಹಾನೆಸ್‌ಬರ್ಗಿನಲ್ಲಿ, ವ್ಯಾಸಂಗ ಕೇಪ್‌ಟೌನ್, ಕೇಂಬ್ರಿಜ್‌ಗಳಲ್ಲಿ. 1956ರಲ್ಲಿ ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಅರೆಕಾಲಿಕ ಭೌತವಿಜ್ಞಾನಿಯಾಗಿದ್ದಾಗ, ವಿಕಿರಣ ಚಿಕಿತ್ಸೆಯ ಪ್ರಮಾಣ ನಿರ್ಧರಿಸಲು ಒಳಗಿನ ಅಂಗಾಂಶಗಳು ಕಿರಣಗಳನ್ನು ಎಷ್ಟೆಷ್ಟು ಹೀರುತ್ತವೆಂಬುದು ತಿಳಿದಿರಬೇಕೆಂದು ಮನಗಂಡ. ಹಲವು ದಿಕ್ಕುಗಳಿಂದ ಹಾಯಿಸಿದ ಕಿರಣಗಳ ತೀವ್ರತೆ ಎಷ್ಟು ಕುಗ್ಗಿತೆಂದು ಹೊರಗೆ ಅಳೆದು, ಆ ಅಳತೆಗಳಿಂದಲೇ ಒಳಗಿನ ಅಡ್ಡಕೊಯ್ತದ ಚಿತ್ರವನ್ನು ಲೆಕ್ಕಹಾಕುವ ವಿಧಾನ ರೂಪಿಸಿ, ಅಲ್ಯೂಮಿನಿಯಮ್ ಮತ್ತು ಮರದ ಮಾದರಿಯ ಮೇಲೆ ಪರೀಕ್ಷಿಸಿದ. 1957ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ಸೇರಿದ. 1963-64ರಲ್ಲಿ ಪ್ರಕಟವಾದ ಮಹತ್ತ್ವದ ಲೇಖನಗಳು ಆಗ ಯಾರ ಗಮನವನ್ನೂ ಸೆಳೆಯಲಿಲ್ಲವೆನ್ನಬಹುದು. ಇದೇ ಗಣಿತವನ್ನು ಗಣಿತಜ್ಞ ಯೊಹಾನ್ ರಾಡಾನ್ 1917ರಲ್ಲೇ ಬಿಡಿಸಿದ್ದುದು ಈತನಿಗೆ ತಿಳಿದದ್ದು ಬಹಳ ತಡವಾಗಿ. ಸ್ವತಂತ್ರವಾಗಿ ಸಿ.ಟಿ. ಸ್ಕ್ಯಾನ್ ಯಂತ್ರ ನಿರ್ಮಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡನೊಂದಿಗೆ 1979ರ ವೈದ್ಯಕೀಯ ನೊಬೆಲ್ ಹಂಚಿಕೊಂಡ. ಇಬ್ಬರೂ ವೈದ್ಯರಲ್ಲ, ಇಬ್ಬರೂ ಡಾಕ್ಟರೇಟ್ ಪಡೆದವರಲ್ಲ.