ತತ್ವಪದವು ರಾಕ್ ವೇದಿಕೆ ಏರಿದ ಬಗೆ

ಶಿವಮೊಗ್ಗದ ಸವಳಂಗ ರಸ್ತೆಯು ಸವಳಂಗಕ್ಕೆ ಹೋಗಿ, ಅಲ್ಲಿಂದ ಮುಂದೆ ಶಿಕಾರಿಪುರದ ದಾರಿಯಾಗುತ್ತದೆ; ವಚನಕಾರರಾದ ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಎರಡೂ ಆ ತಾಲ್ಲೂಕಿನ ಊರುಗಳೇ. ಹೇಳಬೇಕಾದ್ದನ್ನು ಒಗಟಿನೊಳಗೆ ಅಡಗಿಸಿ, ಕೇಳುವವನೇ ಬಿಡಿಸಿಕೊಳ್ಳಲೆಂದು ಬಿಟ್ಟುಬಿಡುವ ರೀತಿಗೆ ಬೆಡಗು ಎಂದು ಹೆಸರು, ಅಲ್ಲಮನ ವಚನಗಳಲ್ಲಿ ಅದರ ಎತ್ತರವನ್ನು ಕಾಣಬಹುದು. ಕನ್ನಡದ ರಾಕ್ ಹಾಡುಗಾರ ರಘು ದೀಕ್ಷಿತರನ್ನು ರೂಪಿಸಿದ ಸಂಗೀತವನ್ನು ಹುಡುಕುವವರು ಪಶ್ಚಿಮದ ಗಿಟಾರಿಗಿಂತ ಮೊದಲು ಈ ಬೆಡಗಿನತ್ತ ನೋಡಬೇಕಾಗುತ್ತದೆ.

ಬೆಡಗನ್ನು ಹಾಡಿಗೆ ಇಳಿಸಿದವರಲ್ಲಿ ಶಿಶುನಾಳ ಶರೀಫರು (1819–1889) ಪ್ರಮುಖರು. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಅವರ ತತ್ವಪದಗಳು, ಅಂದರೆ ಅಧ್ಯಾತ್ಮವನ್ನು ಆಡುಮಾತಿನಲ್ಲಿ ಹೇಳುವ ಹಾಡುಗಳು, ಭಜನೆಯ ಮೇಳಗಳಲ್ಲಿ ಏಕತಾರಿ, ತಾಳಗಳೊಂದಿಗೆ ಬಾಯಿಂದ ಬಾಯಿಗೆ ಹರಿದವು. ಒಬ್ಬ ನುಡಿ ಹೇಳಿದೊಡನೆ ಉಳಿದವರೆಲ್ಲ ಪಲ್ಲವಿ ಹಿಡಿಯುವ ಈ ಕಟ್ಟು, ಸಾವಿರಾರು ಜನ ಒಟ್ಟಾಗಿ ದನಿಗೂಡಿಸಬೇಕಾದ ರಾಕ್ ಕಛೇರಿಗೆ ತಾನಾಗಿಯೇ ಒದಗಿಬರುವಂಥದ್ದು.

ಈ ಪದಗಳು ಹಳ್ಳಿಯ ಭಜನೆಯಿಂದ ನಗರದ ಕಿವಿಗೆ ತಲುಪಿದ್ದರಲ್ಲಿ ಶಿವಮೊಗ್ಗ ಸೀಮೆಯ ಪಾಲು ದೊಡ್ಡದು, ಆದರೂ ಅದನ್ನು ನೆನೆಯುವವರು ಕಡಿಮೆ. ಶಿವಮೊಗ್ಗದಲ್ಲಿ ಹುಟ್ಟಿದ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಪ್ರಚಾರ ಮಾಡಿದ್ದಕ್ಕಾಗಿ 'ಶರೀಫ್ ಭಟ್ಟ'ರೆಂದೇ ಹೆಸರಾದರು. ಅವುಗಳಿಗೆ ರಾಗ ಹಾಕಿ ಎದೆಯೊಡೆಯುವಂತೆ ಹಾಡಿದ ಸಿ. ಅಶ್ವತ್ಥರು, ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಸಂಗೀತ ನೀಡಿದರು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ವಕೀಲಿಯ ಜೊತೆಗೆ ಹಾಡುಗಾರಿಕೆ ನಡೆಸಿದ ಶಿವಮೊಗ್ಗ ಸುಬ್ಬಣ್ಣನವರು 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು, ಶರೀಫರ ಪದಗಳನ್ನೂ ಮನೆಮನೆಗೆ ಮುಟ್ಟಿಸಿದವರು. ಕವಿತೆಯ ಮಾತು ಮುಚ್ಚಿಹೋಗದಂತೆ ರಾಗ ಕೂಡಿಸುವ ಸುಗಮ ಸಂಗೀತವೆಂಬ ಈ ಪದ್ಧತಿಯು ಕ್ಯಾಸೆಟ್ಟುಗಳ ಮೂಲಕ ಒಂದು ಇಡೀ ಪೀಳಿಗೆಗೆ ಶರೀಫರನ್ನು ಪರಿಚಯಿಸಿತು.

1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಭರತನಾಟ್ಯ ಕಲಿತವರು, ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರರು, ಗಿಟಾರನ್ನು ಸ್ವಂತವಾಗಿ ಕಲಿತವರು. ವೇದಿಕೆಯ ಮೇಲೆ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹೆಜ್ಜೆ ಕುಟ್ಟುವ ಅವರ ಪರಿಯಲ್ಲಿ ಆ ನೃತ್ಯಶಿಕ್ಷಣವು ಡ್ರಮ್ಮಿನ ಜೊತೆಗೊಂದು ತಾಳವಾದ್ಯವೇ ಆಗುತ್ತದೆ. 'ಅಂತರಾಗ್ನಿ' ತಂಡದ ತರುವಾಯ ರಘು ದೀಕ್ಷಿತ್ ಪ್ರಾಜೆಕ್ಟ್ ಕಟ್ಟಿದ ಅವರ ಮೊದಲ ಆಲ್ಬಮ್ 2008ರಲ್ಲಿ ಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿದ್ದ ಕನ್ನಡದ ಹಾಡುಗಳು ಶರೀಫರ 'ಗುಡುಗುಡಿಯ ಸೇದಿ ನೋಡೋ' ಹಾಗೂ 'ಸೋರುತಿಹುದು ಮನೆಯ ಮಾಳಿಗಿ' ಎಂಬುದು ಗಮನಾರ್ಹ. ಸ್ವಂತ ಪದ್ಯ ಬರೆಯಬಲ್ಲ ಗಾಯಕನೊಬ್ಬ ಕನ್ನಡಕ್ಕೆ ಬಂದಾಗ ಶರೀಫರ ಬಾಗಿಲನ್ನೇ ತಟ್ಟಿದ್ದು ಆಕಸ್ಮಿಕವಿರಲಾರದು.

ಭಜನೆಯಿಂದ ರಾಕ್ ವೇದಿಕೆಗೆ ಆದ ಈ ಸ್ಥಳಾಂತರದಲ್ಲಿ ನಷ್ಟವೂ ಇದೆ. ಗುಡುಗುಡಿಯೆಂದರೆ ಹುಕ್ಕಾ, ಪದದಲ್ಲಿ ಮನಸ್ಸು ಸಂಚಿಯಾಗಿ, ಮೋಹವು ಕೊಚ್ಚಿ ತುಂಬುವ ಭಂಗಿಸೊಪ್ಪಾಗಿ, ಬುದ್ಧಿಯು ಬೆಂಕಿಯಾಗಿ ನಿಂತು, ಸೇದುವ ಕ್ರಿಯೆಯೇ ಸಾಧನೆಯಾಗುತ್ತದೆ. ಸುಬ್ಬಣ್ಣ, ಅಶ್ವತ್ಥರ ಹಾಡಿಕೆಯಲ್ಲಿ ಮಾತು ಮುಂದಿದ್ದುದರಿಂದ ಒಗಟು ತನ್ನ ಪಾಡಿಗೆ ಬಿಚ್ಚಿಕೊಳ್ಳುತ್ತಿತ್ತು, ಆದರೆ ರಾಕ್ ಕಛೇರಿಯ ಅಬ್ಬರದಲ್ಲಿ ಕುಣಿಯುವವರಿಗೆ ಅದು ಮತ್ತಿನ ಹಾಡಾಗಿಯೇ ಕೇಳಿಸುವುದುಂಟು. ಶರೀಫರ ಅಂಕಿತ, ಅಂದರೆ ಕೊನೆಯ ನುಡಿಯಲ್ಲಿ ಬರುವ ಶಿಶುನಾಳಾಧೀಶನ ಹೆಸರು ಬಂದಾಗಲೇ ಹಲವರಿಗೆ ಇದು ಯಾರ ಪದವೆಂಬುದು ಗೊತ್ತಾಗುತ್ತದೆ.