ಸಿಮೆಂಟು ಒಣಗುವುದಿಲ್ಲ



1984ರಿಂದ 1992ರವರೆಗೆ ನನ್ನ ಬಳಿ ವಿಜ್ಞಾನ ಕಲಿತವರು ಈ ಬರಹವನ್ನು ಅವಶ್ಯವಾಗಿ ಓದಬೇಕೆಂದು ಕೋರುತ್ತೇನೆ. ಅಷ್ಟು ವರ್ಷವೂ ನಾನು ಒಂದು ತಪ್ಪನ್ನು ತಪ್ಪದೆ ಬೋಧಿಸಿದ್ದೇನೆ. “ಗಾರೆಯಲ್ಲಿನ ನೀರು ಆವಿಯಾಗಿ ಹೋದ ಮೇಲೆ ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ” ಎಂಬುದೇ ಆ ಪಾಠ.

ತಿದ್ದಿದವನು ನನ್ನ ಶಿಷ್ಯನೇ. ದಾವಣಗೆರೆಯ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದ ಆತ 1992ರ ದೀಪಾವಳಿ ರಜೆಯಲ್ಲಿ ಮನೆಗೆ ಬಂದಿದ್ದ. ಕಾಫಿ ಕುಡಿದು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಬಾಯಿ ಬಿಟ್ಟ.

“ಸರ್, ತಪ್ಪು ತಿಳ್ಕೋಬೇಡಿ. ಸಿಮೆಂಟು ಒಣಗೋದಿಲ್ಲ ಸರ್. ನೀರು ಅದರ ಜೊತೆ ಸೇರಿ ಹೊಸ ವಸ್ತು ಆಗುತ್ತೆ.”

“ಯಾರಪ್ಪಾ ಹೇಳಿದ್ದು?”

“ಒಣಗಿ ಗಟ್ಟಿಯಾಗೋದಾದ್ರೆ ಮೇಸ್ತ್ರಿಗಳು ತಾರಸಿ ಮೇಲೆ ನೀರು ನಿಲ್ಲಿಸೋದು ಯಾಕೆ ಸರ್?”

ನನ್ನ ಬಳಿ ಉತ್ತರವಿರಲಿಲ್ಲ. ಕಂಬಕ್ಕೆ ಗೋಣಿಚೀಲ ಸುತ್ತಿ ಬೆಳಿಗ್ಗೆ ಸಂಜೆ ನೀರು ಹೊಡೆಯುವುದನ್ನು ಎಷ್ಟು ಕಡೆ ನೋಡಿದ್ದೆನೋ! ನೋಡಿಯೂ ಕೇಳಿಕೊಳ್ಳದ ಪ್ರಶ್ನೆ ಅದು. ಬಿ.ಎಡ್.ನಲ್ಲಿ ಮಕ್ಕಳಿಗೆ ‘ಏಕೆ’ ಎಂದು ಕೇಳಲು ಕಲಿಸಿ ಎಂದು ನಮಗೆ ಹೇಳಿಕೊಟ್ಟಿದ್ದರು.

ರಜೆ ಮುಗಿಯುವವರೆಗೆ ಅವನ ನೋಟ್ ಪುಸ್ತಕ ನನ್ನ ಬಳಿಯೇ ಇತ್ತು. ಆ ಪಾಠಕ್ರಮದಲ್ಲಿ ಸಿಮೆಂಟೆಂದರೆ ಬೂದುಬಣ್ಣದ ಪುಡಿಯಷ್ಟೇ ಅಲ್ಲ. ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಪಡೆದ ಕ್ಯಾಲ್ಸಿಯಂ ಸಿಲಿಕೇಟುಗಳ ಸಂಗತಿ. ನೀರು ತಗುಲಿದೊಡನೆ ಅವು ಪ್ರತಿಕ್ರಿಯಿಸಿ ಬಿಸಿಯನ್ನೂ ಹೊರಹಾಕುತ್ತವೆ. ಪ್ರಯೋಗಾಲಯದಲ್ಲಿ 15 ಸೆಂಟಿಮೀಟರ್ ಘನಗಳನ್ನು ಎರೆದು, ನೀರಿನಲ್ಲಿ ಮುಳುಗಿಸಿಟ್ಟು, 7ನೆಯ ಮತ್ತು 28ನೆಯ ದಿನ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ನೀರಿನಲ್ಲಿಟ್ಟು ಗಟ್ಟಿ ಮಾಡುವುದು! ಇನ್ನೊಂದು ಪುಟದಲ್ಲಿ, ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆಂಬ, ಅಮೆರಿಕದ ಅಬ್ರಾಮ್ಸ್ 1918ರಲ್ಲಿ ಪ್ರಕಟಿಸಿದ ನಿಯಮವಿತ್ತು. 50 ಕಿಲೋ ಚೀಲಕ್ಕೆ ಸುಮಾರು 25 ಲೀಟರ್ ನೀರು ಸಾಕು ಎಂದು ಪಕ್ಕದಲ್ಲಿ ಬರೆದುಕೊಂಡಿದ್ದ. ಕಲಸುವಾಗ ನೀರು ಕಡಿಮೆಯಿರಬೇಕು, ಗಟ್ಟಿಯಾಗುವಾಗ ಧಾರಾಳವಾಗಿರಬೇಕು. ನಮ್ಮ ಬೀದಿಯ ಕೆಲಸಗಳಲ್ಲಿ ಇದು ತಿರುಗುಮುರುಗಾಗಿಯೇ ನಡೆಯುತ್ತಿತ್ತು.

ನನ್ನ ತಪ್ಪಿನ ಬೇರು ಹರಿಹರದಲ್ಲಿತ್ತು. ಬಾಲ್ಯದಲ್ಲಿ ಅಲ್ಲಿ ಗಾರೆ ಅರೆಯುವ ಗಾಣ ನೋಡಿದ್ದೆ. ದುಂಡನೆಯ ಕಾಲುವೆಯಲ್ಲಿ ಸುಣ್ಣ, ಮರಳು; ಎತ್ತುಗಳು ಎಳೆಯುವ ಕಲ್ಲಿನ ಚಕ್ರ; ಮೇಲೆ ಬೆಲ್ಲದ ನೀರು. ಆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುತ್ತದೆ. ಅದಕ್ಕೆ ಗಾಳಿ ಬೇಕು, ನಿಧಾನ ಬೇಕು. ಕಂಡವರಿಗೆ ಅದು ಒಣಗಿದಂತೆಯೇ ತೋರುತ್ತದೆ. ಸುಣ್ಣದ ಪಾಠವನ್ನೇ ನಾನು ಸಿಮೆಂಟಿಗೆ ಹೊದಿಸಿದ್ದೆ.

ಅದೇ ಊರಿನಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲು, ಇಟ್ಟಿಗೆಗಳ ಕಮಾನು ಸೇತುವೆ 1868ರಲ್ಲಿ ಪೂರ್ಣಗೊಂಡಿತು: 60 ಅಡಿ ಅಗಲದ 14 ಕಮಾನುಗಳು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲೆಂಡ್ ಸಿಮೆಂಟ್’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದು ಆಗಲೇ 44 ವರ್ಷ ಕಳೆದಿತ್ತು. ಆದರೆ ನಮ್ಮ ದೇಶದಲ್ಲಿ ಸಿಮೆಂಟು ಇನ್ನೂ ತಯಾರಾಗುತ್ತಿರಲಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೂ ಸುರ್ಕಿ ಗಾರೆಯಿಂದಲೇ ಕಟ್ಟಿದರು. ಸುರ್ಕಿಯೆಂದರೆ ಸುಟ್ಟ ಮಣ್ಣಿನ ಪುಡಿ. ಅದನ್ನು ಸುಣ್ಣದೊಂದಿಗೆ ಬೆರೆಸಿದರೆ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ. ಅಂದರೆ ಸಿಮೆಂಟಿನ ಗುಟ್ಟಿನ ಒಂದು ಭಾಗ ನಮ್ಮ ಗಾರೆಯವರ ಕೈಯಲ್ಲಿ ಮೊದಲೇ ಇತ್ತು. ಅದನ್ನು ರಾಸಾಯನಿಕವಾಗಿ ವಿವರಿಸುವ ಪಾಠವಷ್ಟೇ ಇರಲಿಲ್ಲ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಜೊತೆಗೆ 1938ರಲ್ಲಿ ಸಿಮೆಂಟು ತಯಾರಿಕೆ ಆರಂಭವಾಯಿತು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಡಿ.ಟಿ. ಕಾಲೇಜು ಹುಟ್ಟಿತು. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಎಂಬ ದಾನಿಯ ಹೆಸರು ಅದು. ಮೂರಕ್ಷರವಾಗಿ ಮೊಟಕಾಗಿರುವುದರಿಂದ ಅಲ್ಲಿ ಓದಿದವರಲ್ಲೂ ಅನೇಕರಿಗೆ ಪೂರ್ಣ ಹೆಸರು ತಿಳಿಯದು. ಅದು ಅಣೆಕಟ್ಟೆಗಳ ಕಾಲ. ಕಾಂಕ್ರೀಟ್ ಕೆಲಸಕ್ಕೆ ಭಾರತೀಯ ಮಾನಕ ಸಂಹಿತೆ 456 ಹೊರಬಂದದ್ದು 1953ರಲ್ಲಿ. ಗಾಣದ ಸುತ್ತ ಬಾಯಿಂದ ಬಾಯಿಗೆ ಹರಿದು ಬಂದ ವಿದ್ಯೆ ಹೀಗೆ ನಮ್ಮ ಸೀಮೆಯಲ್ಲಿಯೇ ಪರೀಕ್ಷೆ ಬರೆಯುವ ವಿಷಯವಾಯಿತು. ಗಾಣದವರನ್ನು ಮಾತ್ರ ಯಾರೂ ತರಗತಿಗೆ ಕರೆಯಲಿಲ್ಲವೆಂಬುದು ನನ್ನ ಕೊರಗು.

ಮರುವರ್ಷ ನಾನು ತರಗತಿಗೆ ಎರಡು ಗಾಜಿನ ಭರಣಿ ಒಯ್ದೆ. ನೀರು ತುಂಬಿ, ಒಂದರಲ್ಲಿ ಸಿಮೆಂಟಿನ ಉಂಡೆ, ಇನ್ನೊಂದರಲ್ಲಿ ಸುಣ್ಣದ ಉಂಡೆ ಇಟ್ಟೆ. ವಾರ ಕಳೆದ ಮೇಲೆ ಹಿಂದಿನ ಬೆಂಚಿನವನೊಬ್ಬನನ್ನು ಕರೆದು ಎರಡನ್ನೂ ಹಿಚುಕಲು ಹೇಳಿದೆ. ಸುಣ್ಣ ಬೆಣ್ಣೆಯಂತೆ ಬೆರಳಿಗೆ ಅಂಟಿತು. ಸಿಮೆಂಟಿನ ಉಂಡೆಯನ್ನು ಅವನು ಎರಡೂ ಕೈಯಿಂದ ಹಿಚುಕಿ, ಆಮೇಲೆ ಬೆಂಚಿಗೆ ಕುಟ್ಟಿದ. ಬೆಂಚಿನ ಅಂಚು ಚಕ್ಕೆಯೆದ್ದಿತು. ಆ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವನು ಈಗ ಎಲ್ಲಿದ್ದಾನೆಂದು ತಿಳಿಸಿರಿ.