ಹದಿಹರೆಯದ ಮಕ್ಕಳ ಅಂತರಜಾಲ ಸುರಕ್ಷತೆ: ಪೋಷಕರಿಗೆ ಮಾಹಿತಿ ಮತ್ತು ದೂರು ಸಲ್ಲಿಸುವ ವಿಧಾನ

ಪೀಠಿಕೆ

ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಮಕ್ಕಳು ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದ ಜಾಲತಾಣಗಳನ್ನು ಬಳಸುವುದು ಇಂದು ಸಾಮಾನ್ಯವಾಗಿದೆ. 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ಪಾಠಕ್ಕೆಂದು ಮನೆಗೆ ಬಂದ ಮೊಬೈಲ್ ಅನೇಕ ಕುಟುಂಬಗಳಲ್ಲಿ ಮಕ್ಕಳ ಕೈಯಲ್ಲಿಯೇ ಉಳಿದಿದೆ. ಪರೀಕ್ಷಾ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಕಾಲೇಜು ಪ್ರವೇಶ ಇವೆಲ್ಲವೂ ಅಂತರಜಾಲದ ಮೂಲಕವೇ ನಡೆಯುತ್ತಿರುವುದರಿಂದ ಮಕ್ಕಳನ್ನು ಇದರಿಂದ ಸಂಪೂರ್ಣವಾಗಿ ದೂರವಿಡುವುದು ಕಾರ್ಯಸಾಧ್ಯವಲ್ಲ.

ಈ ಪುಟದಲ್ಲಿ ಪೋಷಕರು ವಹಿಸಬೇಕಾದ ಮುಂಜಾಗ್ರತೆ, ತೊಂದರೆ ಉಂಟಾದಾಗ ಕೈಗೊಳ್ಳಬೇಕಾದ ಕ್ರಮ, ದೂರು ಸಲ್ಲಿಸುವ ವಿಧಾನ ಹಾಗೂ ಅನ್ವಯಿಸುವ ಕಾನೂನುಗಳ ವಿವರ ನೀಡಲಾಗಿದೆ. ಇವೆಲ್ಲಕ್ಕೂ ಮೊದಲು ಪೋಷಕರು ಒಂದು ಅಂಶವನ್ನು ಮನಗಾಣುವುದು ಅವಶ್ಯ. ಮಗುವನ್ನು ಬೆದರಿಸುವ ವ್ಯಕ್ತಿಯ ಕೈಯಲ್ಲಿರುವ ಮುಖ್ಯ ಅಸ್ತ್ರವೆಂದರೆ "ಮನೆಯಲ್ಲಿ ಗೊತ್ತಾದರೆ ಏನಾದೀತು" ಎಂಬ ಮಗುವಿನ ಭಯ. ಆ ಭಯವನ್ನು ಹೋಗಲಾಡಿಸುವುದು ಯಾವ ತಂತ್ರಾಂಶದಿಂದಲೂ ಆಗುವ ಕೆಲಸವಲ್ಲ. ಅದು ಪೋಷಕರಿಂದ ಮಾತ್ರ ಸಾಧ್ಯ.

1. ಸಾಮಾನ್ಯವಾಗಿ ಕಂಡುಬರುವ ಅಪಾಯಗಳು

(ಅ) ಚಿತ್ರವನ್ನು ಮುಂದಿಟ್ಟು ಬೆದರಿಕೆ: ಅಪರಿಚಿತ ವ್ಯಕ್ತಿಯು ಸಮವಯಸ್ಕನಂತೆ ಅಥವಾ ಸಮವಯಸ್ಕಳಂತೆ ಪರಿಚಯ ಮಾಡಿಕೊಂಡು, ವಿಶ್ವಾಸ ಗಳಿಸಿ, ಖಾಸಗಿ ಚಿತ್ರ ಅಥವಾ ವಿಡಿಯೋ ಕರೆಯನ್ನು ಕೇಳುತ್ತಾನೆ. ಅದು ದೊರೆತ ಕೂಡಲೇ ಹಣಕ್ಕಾಗಿ ಅಥವಾ ಮತ್ತಷ್ಟು ಚಿತ್ರಗಳಿಗಾಗಿ ಬೆದರಿಸುತ್ತಾನೆ. ಹೆಣ್ಣುಮಕ್ಕಳಂತೆಯೇ ಗಂಡುಮಕ್ಕಳೂ ಇದಕ್ಕೆ ಬಲಿಯಾಗುತ್ತಾರೆ.

(ಆ) ನಕಲಿ ಖಾತೆ ಮತ್ತು ತಿರುಚಿದ ಚಿತ್ರ: ಮದುವೆ ಮನೆಯಲ್ಲಿ ಅಥವಾ ಶಾಲಾ ವಾರ್ಷಿಕೋತ್ಸವದಲ್ಲಿ ತೆಗೆದ ಸಾಮಾನ್ಯ ಭಾವಚಿತ್ರವನ್ನೇ ಬಳಸಿ ನಕಲಿ ಖಾತೆ ತೆರೆಯಬಹುದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಅಂತಹ ಚಿತ್ರವನ್ನು ಅಶ್ಲೀಲವಾಗಿ ಮಾರ್ಪಡಿಸಬಹುದು. ಇಂತಹ ಪ್ರಕರಣಗಳಲ್ಲಿ ಮಗು ಯಾವ ಚಿತ್ರವನ್ನೂ ಕಳುಹಿಸಿರುವುದಿಲ್ಲ ಎಂಬುದನ್ನು ಪೋಷಕರು ಗಮನಿಸುವುದು.

(ಇ) ಸಹಪಾಠಿಗಳಿಂದ ಕಿರುಕುಳ: ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡ್ಡಹೆಸರಿಡುವುದು, ರೂಪ, ಜಾತಿ, ಮೈಬಣ್ಣದ ಕುರಿತು ಹೀಯಾಳಿಸುವುದು, ಶಾಲೆಯ ಹೆಸರಿನಲ್ಲಿ ಅನಾಮಧೇಯ ಪುಟ ತೆರೆದು ವಿದ್ಯಾರ್ಥಿಗಳ ಬಗ್ಗೆ ಸುಳ್ಳು ಬರೆಯುವುದು ಇತ್ಯಾದಿ.

(ಈ) ಹಣಕ್ಕೆ ಸಂಬಂಧಿಸಿದ ವಂಚನೆ: ಆಟದೊಳಗಿನ ಉಚಿತ ನಾಣ್ಯದ ಆಮಿಷ, ಮನೆಯಿಂದಲೇ ಕೆಲಸದ ಆಮಿಷ ಇತ್ಯಾದಿ. ಇವುಗಳಲ್ಲಿ ಪೋಷಕರಿಗೆ ಹೆಚ್ಚು ತಿಳಿದಿರದ ವಿಧವೆಂದರೆ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಪಡೆಯುವುದು. ವಿದ್ಯಾರ್ಥಿಗಳಿಗೆ ಅಲ್ಪಸ್ವಲ್ಪ ಕಮಿಷನ್ ನೀಡಿ ಅವರ ಖಾತೆ, ಎಟಿಎಂ ಕಾರ್ಡ್ ಹಾಗೂ ಸಿಮ್ ಪಡೆದು, ಬೇರೆಡೆ ವಂಚಿಸಿದ ಹಣವನ್ನು ಆ ಖಾತೆಯ ಮೂಲಕ ಸಾಗಿಸಲಾಗುತ್ತದೆ. ತನಿಖೆಯಲ್ಲಿ ಮೊದಲು ಕಾಣಿಸುವುದು ಖಾತೆದಾರರ ಹೆಸರು. ಆದುದರಿಂದ ವಿದ್ಯಾರ್ಥಿವೇತನಕ್ಕಾಗಿ ತೆರೆದ ಖಾತೆಯ ಪುಸ್ತಕವನ್ನು ಪೋಷಕರು ತಿಂಗಳಿಗೊಮ್ಮೆಯಾದರೂ ಪರಿಶೀಲಿಸುವುದು ಸೂಕ್ತ.

2. ಮುಂಜಾಗ್ರತಾ ಕ್ರಮಗಳು

(ಅ) ನಿಜವಾದ ಜನ್ಮದಿನಾಂಕ ನಮೂದಿಸುವುದು: ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಸಂಸ್ಥೆಗಳು ತಮ್ಮ ಷರತ್ತುಗಳಲ್ಲಿ ಸ್ವಂತ ಖಾತೆಗೆ ಕನಿಷ್ಠ 13 ವರ್ಷ ವಯಸ್ಸನ್ನು ನಿಗದಿಪಡಿಸಿವೆ. ಇನ್‌ಸ್ಟಾಗ್ರಾಂ 2024ರಲ್ಲಿ ಪ್ರಕಟಿಸಿದ ಹದಿಹರೆಯದವರ ಖಾತೆಯಲ್ಲಿ, ಖಾತೆಯು ತಾನಾಗಿಯೇ ಖಾಸಗಿಯಾಗಿರುತ್ತದೆ; ಅಪರಿಚಿತರು ಸಂದೇಶ ಕಳುಹಿಸುವುದಕ್ಕೆ ನಿರ್ಬಂಧವಿರುತ್ತದೆ; 16 ವರ್ಷದೊಳಗಿನವರು ಈ ರಕ್ಷಣೆಯನ್ನು ಸಡಿಲಿಸಲು ಪೋಷಕರ ಅನುಮತಿ ಬೇಕಾಗುತ್ತದೆ. ಮಗು ತನ್ನನ್ನು 20 ವರ್ಷದವರೆಂದು ನಮೂದಿಸಿದ್ದಲ್ಲಿ ಈ ರಕ್ಷಣೆ ದೊರೆಯದೆ ಹೋಗಬಹುದು. ಆದ್ದರಿಂದ ಖಾತೆಯಲ್ಲಿನ ಜನ್ಮದಿನಾಂಕವನ್ನು ಮಗುವಿನೊಂದಿಗೆ ಕುಳಿತು ಪರಿಶೀಲಿಸುವುದು.

(ಆ) ಖಾತೆಯ ಭದ್ರತೆ: ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ದೃಢೀಕರಣಕ್ಕಾಗಿ ಆರು ಅಂಕಿಗಳ ಗುಪ್ತಸಂಖ್ಯೆ ಅಳವಡಿಸುವುದು. ಪ್ರೊಫೈಲ್ ಚಿತ್ರ ಪರಿಚಿತರಿಗೆ ಮಾತ್ರ ಕಾಣುವಂತೆ, ಗುಂಪುಗಳಿಗೆ ಪರಿಚಿತರು ಮಾತ್ರ ಸೇರಿಸುವಂತೆ ನಿಗದಿಪಡಿಸುವುದು. ಒಟಿಪಿಯನ್ನು ಸ್ನೇಹಿತರಿಗೂ ತಿಳಿಸದಿರುವುದು.

(ಇ) ಹಣ ಪಾವತಿಯ ತಂತ್ರಾಂಶ: ಮಗು ಬಳಸುವ ಮೊಬೈಲಿನಲ್ಲಿ ಯುಪಿಐ ಅಥವಾ ಉಳಿಸಿಟ್ಟ ಕಾರ್ಡ್ ವಿವರ ಇಲ್ಲದಿರುವುದು ಒಳಿತು. ಮನೆಗೆಲ್ಲ ಒಂದೇ ಮೊಬೈಲ್ ಇದ್ದಲ್ಲಿ ಪಾವತಿಯ ಗುಪ್ತಸಂಖ್ಯೆಯನ್ನು ಮಗುವಿಗೆ ತಿಳಿಸತಕ್ಕದ್ದಲ್ಲ.

(ಈ) ಮನೆಯ ನಿಯಮಗಳು: ರಾತ್ರಿ ಮಲಗುವಾಗ ಮೊಬೈಲ್ ನಡುಮನೆಯಲ್ಲಿರಲಿ, ಊಟದ ಹೊತ್ತಿನಲ್ಲಿ ಯಾರೂ ಬಳಸದಿರಲಿ. ಈ ನಿಯಮ ಹಿರಿಯರಿಗೂ ಅನ್ವಯಿಸಿದಲ್ಲಿ ಮಾತ್ರ ಮಕ್ಕಳು ಪಾಲಿಸುತ್ತಾರೆ. ಗೂಗಲ್ ಫ್ಯಾಮಿಲಿ ಲಿಂಕ್‌ನಂತಹ ಉಚಿತ ತಂತ್ರಾಂಶದಿಂದ ಬಳಕೆಯ ಅವಧಿ ನಿಗದಿಪಡಿಸಬಹುದು. ಆದರೆ ಹದಿನಾರು ವರ್ಷದ ಮಗುವಿನ ಎಲ್ಲ ಸಂದೇಶಗಳನ್ನು ಗುಟ್ಟಾಗಿ ಓದುವುದರಿಂದ ಮಗು ಇನ್ನೊಂದು ಗುಪ್ತ ಖಾತೆ ತೆರೆಯುವ ಸಾಧ್ಯತೆಯೇ ಹೆಚ್ಚು. ಯಾವುದನ್ನು ನೋಡಲಾಗುವುದು, ಯಾವುದನ್ನು ನೋಡುವುದಿಲ್ಲ ಎಂಬುದನ್ನು ಮೊದಲೇ ತಿಳಿಸುವುದು ಉತ್ತಮ.

(ಉ) ಒಂದು ಭರವಸೆ: "ತಪ್ಪು ನಿನ್ನದೇ ಆಗಿದ್ದರೂ ಮೊದಲು ನಮಗೆ ಹೇಳು, ಹೇಳಿದ್ದಕ್ಕೆ ಹೊಡೆಯುವುದಿಲ್ಲ, ಮೊಬೈಲ್ ಕಿತ್ತುಕೊಳ್ಳುವುದಿಲ್ಲ, ಶಾಲೆ ಬಿಡಿಸುವುದಿಲ್ಲ" ಎಂದು ಪೋಷಕರು ಸ್ಪಷ್ಟ ಮಾತುಗಳಲ್ಲಿ ತಿಳಿಸತಕ್ಕದ್ದು. ತೊಂದರೆ ಬರುವ ಮೊದಲೇ ಇದನ್ನು ಹೇಳಿರಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಓದು ನಿಲ್ಲಿಸುವರೆಂಬ ಅಂಜಿಕೆಯೇ ಬಾಯಿ ಮುಚ್ಚಿಸುತ್ತದೆ. ಅಪ್ಪ ಅಮ್ಮನಿಗೆ ಹೇಳಲು ಆಗದಿದ್ದಲ್ಲಿ ಅತ್ತೆ, ಚಿಕ್ಕಮ್ಮ, ಸೋದರಮಾವ ಅಥವಾ ನಂಬಿಕೆಯ ಶಿಕ್ಷಕರ ಪೈಕಿ ಯಾರಿಗೆ ಹೇಳಬಹುದೆಂದು ಗೊತ್ತುಮಾಡಿಡುವುದು.

3. ಗಮನಿಸಬೇಕಾದ ಲಕ್ಷಣಗಳು

ಸಂದೇಶ ಬಂದೊಡನೆ ಗಾಬರಿಯಾಗುವುದು, ರಾತ್ರಿ ನಿದ್ರೆಗೆಡುವುದು, ಶಾಲೆಗೆ ಹೋಗಲು ಹಿಂಜರಿಯುವುದು, ಕಾರಣ ಹೇಳದೆ ಹಣ ಕೇಳುವುದು ಅಥವಾ ಮನೆಯಲ್ಲಿ ಹಣ ಕಾಣೆಯಾಗುವುದು, ಇದ್ದಕ್ಕಿದ್ದಂತೆ ಖಾತೆಗಳನ್ನು ಅಳಿಸುವುದು, ಬದುಕು ಬೇಡವೆಂಬ ಅರ್ಥದ ಮಾತನ್ನಾಡುವುದು. ಕೊನೆಯ ಲಕ್ಷಣ ಕಂಡುಬಂದಲ್ಲಿ ಮಗುವನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯಕೀಯ ಅಥವಾ ಸಹಾಯವಾಣಿಯ ನೆರವು ಪಡೆಯತಕ್ಕದ್ದು. ದೂರು, ವಿಚಾರಣೆ ಎಲ್ಲವೂ ಅನಂತರದ ಮಾತು.

4. ತೊಂದರೆ ತಿಳಿದುಬಂದ ದಿನ ಕೈಗೊಳ್ಳಬೇಕಾದ ಕ್ರಮ

• ಮಗುವಿನ ಮಾತನ್ನು ಪೂರ್ತಿಯಾಗಿ ಕೇಳುವುದು. "ಯಾಕೆ ಹೀಗೆ ಮಾಡಿದೆ" ಎಂಬ ಪ್ರಶ್ನೆಯನ್ನು ಅಂದು ಕೇಳದಿರುವುದು.
• ಹಣ ಕೊಡದಿರುವುದು. ಒಮ್ಮೆ ಕೊಟ್ಟಲ್ಲಿ ಬೇಡಿಕೆ ಹೆಚ್ಚುತ್ತದೆಯೇ ವಿನಾ ನಿಲ್ಲುವುದಿಲ್ಲ. ಮತ್ತೊಂದು ಚಿತ್ರವನ್ನೂ ಕಳುಹಿಸತಕ್ಕದ್ದಲ್ಲ.
• ಸಂದೇಶಗಳನ್ನು ಅಳಿಸದಿರುವುದು. ಆರೋಪಿಯ ಖಾತೆಯನ್ನು ಬ್ಲಾಕ್ ಮಾಡುವ ಮೊದಲೇ ಬೆದರಿಕೆಯ ಸಂದೇಶಗಳ ಸ್ಕ್ರೀನ್‌ಶಾಟ್, ಖಾತೆಯ ಬಳಕೆದಾರ ಹೆಸರು, ಪುಟದ ಕೊಂಡಿ, ಮೊಬೈಲ್ ಸಂಖ್ಯೆ, ದಿನಾಂಕ ಮತ್ತು ಸಮಯ ದಾಖಲಿಸಿಕೊಳ್ಳುವುದು. ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಕೊಂಡಿಯನ್ನು ತಪ್ಪದೆ ಬರೆದಿಟ್ಟುಕೊಳ್ಳುವುದು.
• ಮಗುವಿನ ಖಾಸಗಿ ಚಿತ್ರವನ್ನು ಬಂಧುಗಳಿಗಾಗಲಿ, ಶಿಕ್ಷಕರಿಗಾಗಲಿ ಸಾಕ್ಷ್ಯವೆಂದು ಕಳುಹಿಸದಿರುವುದು. ಮಕ್ಕಳ ಅಶ್ಲೀಲ ಚಿತ್ರವನ್ನು ರವಾನಿಸುವುದೇ ಅಪರಾಧವಾಗಿದೆ. ಮೊಬೈಲನ್ನು ಇದ್ದ ಹಾಗೆಯೇ ತನಿಖಾಧಿಕಾರಿಗೆ ತೋರಿಸುವುದು.
• ಸಾಕ್ಷ್ಯ ಉಳಿಸಿಕೊಂಡ ನಂತರ ಜಾಲತಾಣದ ರಿಪೋರ್ಟ್ ಸೌಲಭ್ಯದಲ್ಲಿ ದೂರು ದಾಖಲಿಸುವುದು. ಮಾಹಿತಿ ತಂತ್ರಜ್ಞಾನ ನಿಯಮಗಳು, 2021ರಂತೆ ಜಾಲತಾಣಗಳು ಕುಂದುಕೊರತೆ ಅಧಿಕಾರಿಯನ್ನು ಹೊಂದಿರತಕ್ಕದ್ದು. ಖಾಸಗಿ ಅಂಗಾಂಗಗಳ ಚಿತ್ರ ಹಾಗೂ ಅಂತಹ ತಿರುಚಿದ ಚಿತ್ರಗಳನ್ನು ತೆಗೆದುಹಾಕಲು ನಿಯಮಗಳು ದಿನಗಳ ಬದಲಾಗಿ ಗಂಟೆಗಳ ಲೆಕ್ಕದಲ್ಲಿ ಕಾಲಮಿತಿ ವಿಧಿಸಿವೆ.
• 18 ವರ್ಷದೊಳಗಿದ್ದಾಗ ತೆಗೆದ ಚಿತ್ರವಾಗಿದ್ದಲ್ಲಿ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯನ್ನೂ ಬಳಸಬಹುದು. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುವ ಈ ಸೇವೆಯಲ್ಲಿ ಚಿತ್ರವು ಮೊಬೈಲಿನಿಂದ ಹೊರಹೋಗುವುದಿಲ್ಲ. ಅದರ ಗುರುತಿನ ಸಂಕೇತವನ್ನು ಮಾತ್ರ ಭಾಗವಹಿಸುವ ಜಾಲತಾಣಗಳಿಗೆ ನೀಡಲಾಗುತ್ತದೆ.

5. ದೂರು ಸಲ್ಲಿಸುವ ವಿಧಾನ

(ಅ) ಹಣ ಕಳೆದುಕೊಂಡಿದ್ದಲ್ಲಿ: ತಡಮಾಡದೆ 1930ಕ್ಕೆ ಕರೆ ಮಾಡುವುದು. ಬ್ಯಾಂಕಿನ ಹೆಸರು, ಖಾತೆ ಅಥವಾ ಯುಪಿಐ ವಿವರ, ವಹಿವಾಟಿನ ಸಂಖ್ಯೆ, ಮೊತ್ತ, ದಿನಾಂಕ ಸಿದ್ಧವಾಗಿರಲಿ. ಹಣವು ಮುಂದಿನ ಖಾತೆಗಳಿಗೆ ಹೋಗುವ ಮೊದಲೇ ತಡೆಹಿಡಿಯಲು ಪ್ರತಿ ನಿಮಿಷವೂ ಮುಖ್ಯ.

(ಆ) ಅಂತರಜಾಲದ ಮೂಲಕ: 2019ರಿಂದ ಕಾರ್ಯನಿರ್ವಹಿಸುತ್ತಿರುವ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ (ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್) ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಪ್ರತ್ಯೇಕ ವಿಭಾಗವಿದೆ. ಇಲ್ಲಿ ಹೆಸರು ನಮೂದಿಸದೆ ಮಾಹಿತಿ ನೀಡಲು ಅವಕಾಶವಿದೆ. ಆದರೆ ದೂರಿನ ಪ್ರಗತಿ ತಿಳಿಯಬೇಕಾದಲ್ಲಿ ನೋಂದಾಯಿಸಿಕೊಂಡೇ ಸಲ್ಲಿಸುವುದು ಮತ್ತು ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸುವುದು.

(ಇ) ಠಾಣೆಯಲ್ಲಿ: ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ಪೊಲೀಸ್ ಠಾಣೆಗಳಿವೆ, ಇವು ಸೆನ್ ಠಾಣೆಗಳೆಂದು ಪರಿಚಿತ. ಹತ್ತಿರದ ಸಾಮಾನ್ಯ ಠಾಣೆಯಲ್ಲಿಯೂ ದೂರು ನೀಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅಪರಾಧ ನಡೆದ ಸ್ಥಳ ಯಾವುದೇ ಆಗಿದ್ದರೂ ಯಾವ ಠಾಣೆಯಲ್ಲಾದರೂ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದಲ್ಲಿ ಮೂರು ದಿನಗಳೊಳಗೆ ಸಹಿ ಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತ. ಠಾಣಾಧಿಕಾರಿ ದೂರು ದಾಖಲಿಸಲು ನಿರಾಕರಿಸಿದಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಲಿಖಿತವಾಗಿ ಅಂಚೆಯ ಮೂಲಕ ಕಳುಹಿಸಬಹುದು.

ಶುಲ್ಕ: ದೂರು ಸಲ್ಲಿಸಲು ಯಾವುದೇ ಶುಲ್ಕವಿರುವುದಿಲ್ಲ. ಮಧ್ಯವರ್ತಿಗಳನ್ನಾಗಲಿ, ಚಿತ್ರ ಅಳಿಸಿಕೊಡುವುದಾಗಿ ಹಣ ಕೇಳುವ ಖಾಸಗಿ ವ್ಯಕ್ತಿಗಳನ್ನಾಗಲಿ ನಂಬಬಾರದು.

6. ಅನ್ವಯಿಸುವ ಪ್ರಮುಖ ಕಾನೂನುಗಳು

• ಮಾಹಿತಿ ತಂತ್ರಜ್ಞಾನ ಕಾಯ್ದೆ, 2000: ಬೇರೊಬ್ಬರ ಗುಪ್ತಪದ ಅಥವಾ ಗುರುತಿನ ದುರ್ಬಳಕೆ (ಕಲಂ 66ಸಿ) ಹಾಗೂ ಬೇರೊಬ್ಬರಂತೆ ನಟಿಸಿ ವಂಚನೆ (66ಡಿ) – ಪ್ರತಿಯೊಂದಕ್ಕೂ ಮೂರು ವರ್ಷದವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಅಶ್ಲೀಲ ಚಿತ್ರಗಳ ಪ್ರಕಟಣೆ, ರವಾನೆ (67ಬಿ) – ಮೊದಲ ಅಪರಾಧಕ್ಕೆ ಐದು ವರ್ಷದವರೆಗೆ ಸೆರೆವಾಸ ಹಾಗೂ ಹತ್ತು ಲಕ್ಷ ರೂಪಾಯಿವರೆಗೆ ದಂಡ.
• ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012 (ಪೋಕ್ಸೋ): 18 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯ. ಲೈಂಗಿಕ ಉದ್ದೇಶದಿಂದ, ನೈಜ ಅಥವಾ ಸೃಷ್ಟಿಸಿದ ಚಿತ್ರವನ್ನು ಮಾಧ್ಯಮದಲ್ಲಿ ಬಳಸುವುದಾಗಿ ಮಗುವನ್ನು ಬೆದರಿಸುವುದು ಕಲಂ 11ರಡಿ ಲೈಂಗಿಕ ಕಿರುಕುಳ. ಕಲಂ 12ರಂತೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ ದಂಡ.
• ಭಾರತೀಯ ನ್ಯಾಯ ಸಂಹಿತೆ, 2023: ಮಹಿಳೆಯನ್ನು ಅಂತರಜಾಲದಲ್ಲಿ ಹಿಂಬಾಲಿಸುವುದು (ಕಲಂ 78), ಸುಲಿಗೆ (308), ಅಪರಾಧಿಕ ಬೆದರಿಕೆ (351).

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ದೂರು ನೀಡಿದಲ್ಲಿ ಮಗುವಿನ ಹೆಸರು ಊರಿಗೆಲ್ಲ ತಿಳಿಯುವುದಿಲ್ಲವೇ?
ಉ: ಪೋಕ್ಸೋ ಕಾಯ್ದೆಯ ಕಲಂ 23ರಂತೆ ಮಾಧ್ಯಮಗಳು ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಕುಟುಂಬ ಅಥವಾ ಶಾಲೆಯ ವಿವರ ಬಹಿರಂಗಪಡಿಸುವಂತಿಲ್ಲ.

ಪ್ರ: ಮಗು ಠಾಣೆಗೆ ಬರಲೇಬೇಕೇ?
ಉ: ಪೋಕ್ಸೋ ಪ್ರಕರಣದಲ್ಲಿ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸುವ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ದಾಖಲಿಸತಕ್ಕದ್ದು. ಅಧಿಕಾರಿಯು ಸಮವಸ್ತ್ರದಲ್ಲಿರುವಂತಿಲ್ಲ. ಪೋಷಕರು ಅಥವಾ ಮಗು ನಂಬುವ ವ್ಯಕ್ತಿ ಜೊತೆಗಿರಬಹುದು.

ಪ್ರ: ಚಿತ್ರವನ್ನು ಮಗುವೇ ಕಳುಹಿಸಿದೆ. ಆದರೂ ದೂರು ನೀಡಬಹುದೇ?
ಉ: ನೀಡಬಹುದು. ವಂಚಿಸಿ ಪಡೆದ ಚಿತ್ರದಿಂದ ಬೆದರಿಸುವವನೇ ಆರೋಪಿ, ಮಗುವು ಸಂತ್ರಸ್ತ.

ಪ್ರ: ನಮ್ಮ ಮಗುವೇ ಸಹಪಾಠಿಯ ನಕಲಿ ಖಾತೆ ತೆರೆದಿರುವುದು ತಿಳಿದುಬಂದಿದೆ. ಏನು ಮಾಡಬೇಕು?
ಉ: ಮುಚ್ಚಿಡುವುದರಿಂದ ಮತ್ತೊಂದು ಮಗುವಿಗೆ ಹಾನಿ ಮುಂದುವರಿಯುತ್ತದೆ. ಪುಟ ಮತ್ತಷ್ಟು ಹರಡದಂತೆ ಕೂಡಲೇ ಅದನ್ನು ನಿಷ್ಕ್ರಿಯಗೊಳಿಸಿ, ಮೊಬೈಲಿನಲ್ಲಿರುವ ದಾಖಲೆಗಳನ್ನು ನಾಶಪಡಿಸದೆ, ಶಾಲೆ ಮತ್ತು ಬಾಧಿತ ಮಗುವಿನ ಪೋಷಕರೊಂದಿಗೆ ಮಾತನಾಡುವುದು. ಪ್ರಕರಣ ದಾಖಲಾದಲ್ಲಿ 18 ವರ್ಷದೊಳಗಿನವರ ವಿಚಾರಣೆ ಬಾಲ ನ್ಯಾಯ ಕಾಯ್ದೆ, 2015ರಂತೆ ಬಾಲ ನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ.

8. ಸಹಾಯವಾಣಿಗಳು

ತುರ್ತು ಸೇವೆ: 112
ಮಕ್ಕಳ ಸಹಾಯವಾಣಿ: 1098 (ದಿನದ 24 ಗಂಟೆ, ಮಗುವೇ ನೇರವಾಗಿ ಕರೆ ಮಾಡಬಹುದು)
ಸೈಬರ್ ಆರ್ಥಿಕ ವಂಚನೆ: 1930
ಟೆಲಿ ಮಾನಸ್, ಮಾನಸಿಕ ಆರೋಗ್ಯ ಸಹಾಯವಾಣಿ: 14416 (ದಿನದ 24 ಗಂಟೆ, ಕನ್ನಡದಲ್ಲಿಯೂ ಲಭ್ಯ)

ಮೊಬೈಲ್ ಬಳಕೆಯೇ ಚಟವಾಗಿ ಪರಿಣಮಿಸಿದ್ದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಂತ್ರಜ್ಞಾನದ ಆರೋಗ್ಯಕರ ಬಳಕೆಯ ಚಿಕಿತ್ಸಾಲಯವನ್ನು (ಶಟ್ ಕ್ಲಿನಿಕ್) ಸಂಪರ್ಕಿಸಬಹುದು.

ಪೋಷಕರು ಈ ಸಂಖ್ಯೆಗಳನ್ನು ಮಕ್ಕಳ ಮೊಬೈಲಿನಲ್ಲಿ ಉಳಿಸಿಕೊಡುವಂತೆ ಹಾಗೂ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡುವಂತೆ ಕೋರಲಾಗಿದೆ.

ವಿ.ಸೂ.: ಈ ಪುಟದ ಮಾಹಿತಿ ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ನಿಖರ ಪಾಠಕ್ಕೆ ಆಯಾ ಕಾಯ್ದೆ ಮತ್ತು ನಿಯಮಗಳನ್ನು ನೋಡತಕ್ಕದ್ದು. ಉಚಿತ ಕಾನೂನು ನೆರವಿಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು.